ಟೇಪಿನ ಕೆಳಗಿನ ಬಿರುಕು

ಹದಿನಾಲ್ಕು, ಗುರುವಾರ.

ಅಪ್ಪನ ಹಳೆಯ ರೇಸ್ ಸೈಕಲ್ಲಿಗೆ ಹೊಸ ಬ್ರೇಕು, ಚೈನು ಹಾಕಿಯಾಗಿತ್ತು. ಹ್ಯಾಂಡಲ್ಲಿನ ಟೇಪ್ ಬಿಚ್ಚಿದಾಗ ಕಂಡಿತು: ನಟ್ಟನಡುವೆ ಕೂದಲೆಳೆಯಷ್ಟು ಬಿರುಕು.

"ಇದು ಬೇಡಪ್ಪ, ಬೇರೆ ಹಾಕ್ತೀನಿ."

"ನಾನು ಗೆದ್ದಿದ್ದೇ ಇದನ್ನ ಹಿಡ್ಕೊಂಡು. ಸುಮ್ನೆ ಟೇಪ್ ಸುತ್ತು."

"ಸುತ್ತಿದ್ರೆ ಬಿರುಕು ಕಾಣಲ್ಲ, ಅಷ್ಟೇ. ಇಳಿಜಾರಲ್ಲಿ ಮುರಿದ್ರೆ?"

ಕೇಳಬೇಕಲ್ಲ! ಸಂಜೆ ನೋಡಿದರೆ ತಾವೇ ಟೇಪ್ ಸುತ್ತಿ, ಬೆಳಿಗ್ಗೆ ಗುಡ್ಡಕ್ಕೆ ಹೊರಡಲು ನೀರಿನ ಬಾಟಲಿ ತೆಗೆದಿಟ್ಟಿದ್ದಾರೆ. ಹಠದಲ್ಲಿ ನಾನೂ ಅವರ ಮಗಳೇ. ಅವರು ಸ್ನಾನಕ್ಕೆ ಹೋದಾಗ ಹ್ಯಾಂಡಲ್ ಬಿಚ್ಚಿ, ಗರಗಸ ಹಿಡಿದು ಎರಡು ತುಂಡು ಮಾಡಿದೆ. ತುಂಡುಗಳು ನನ್ನ ಮಂಚದ ಕೆಳಗಿವೆ.

ಹೇಳಬೇಕು. ಬಾಯೇ ಬರುತ್ತಿಲ್ಲ.

ಹಜಾರದಲ್ಲಿ ಅಪ್ಪ ಶಿಳ್ಳೆ ಹಾಕುತ್ತ ಶೂ ಒರೆಸುತ್ತಿದ್ದಾರೆ. ಈಗ ಎದ್ದರು. ಸೈಕಲ್ ಇಟ್ಟಿರುವ ಕೋಣೆಯ ದೀಪ ಹೊತ್ತಿತು.

ಶಿಳ್ಳೆ ನಿಂತಿತು.