ಜಾವಳಿ ಬಸ್‌ಸ್ಟಾಪಿನ ಸಿಲ್ವರ್ ಓಕ್

ಜಾವಳಿ, ೧೨ ಏಪ್ರಿಲ್ ೨೦೦೨

ಅಕ್ಕಾ,

ನೀನು ಹೋಗಿ ಆರು ವರ್ಷವಾಯಿತು. ಇದನ್ನು ಯಾವ ವಿಳಾಸಕ್ಕೂ ಹಾಕುವಂತಿಲ್ಲ, ಆದರೂ ಹೇಳಬೇಕು. ಬಸ್‌ಸ್ಟಾಪಿನಲ್ಲಿ ನೆರಳಿಗೆಂದು ನೀನು ನೆಟ್ಟ ಸಿಲ್ವರ್ ಓಕ್ ಇವತ್ತು ಬರೀ ಕಂಬವಾಗಿದೆ.

ಒಂದು ಕೊಂಬೆ ಬಸ್ಸಿನ ಟಾಪಿಗೆ ತಾಗುತ್ತಿತ್ತು. ಅದನ್ನೊಂದೇ ಕಡಿಯಲು ಕಾಫಿತೋಟಗಳಲ್ಲಿ ನೆರಳುಮರಗಳ ಕೊಂಬೆ ಸವರುವ ಮರಗಸಿ ಕೆಲಸದ ಹೂವಪ್ಪನನ್ನು ಕರೆಸಿ, ನಾನು ಸ್ಟಾಪಿನ ಎದುರಿಗಿರುವ ನಮ್ಮ ಮನೆಯೊಳಗೆ ಕೂತು ರಸ್ತೆಗುಂಡಿಗಳ ಬಗ್ಗೆ ಪತ್ರಿಕೆಗೆ ಖಾರವಾಗಿ ಬರೆಯುತ್ತಿದ್ದೆ. ಹೊರಬಂದಾಗ ಮರದ ತುದಿಯಲ್ಲಿ ಒಂದು ಹಿಡಿ ಎಲೆ ಉಳಿದಿತ್ತು.

“ಏನು ಮಾರಾಯ ಇದು?”

“ಮಳೆಗೆ ಮುಂಚೆ ನೆರಳು ಬಿಡಿಸ್ಬೇಕಲ್ಲ ಅಯ್ಯ. ಇಲ್ದಿದ್ರೆ ಕಾಫಿ ಕೊಳೆಯುತ್ತೆ.”

“ಇಲ್ಲಿ ಕಾಫಿ ಎಲ್ಲಿದೆ?”

ಅವನು ಮರದ ಮೇಲಿಂದಲೇ ಕೆಳಗಿನ ನೆಲ ನೋಡಿದ. “ಹೌದಲ್ವಾ. ಸಿಲ್ವರ್ ಕಂಡ್ರೆ ಕೈ ಸುಮ್ನಿರಲ್ಲ.”

ಅವನನ್ನು ಬೈಯಲು ನಾನ್ಯಾರು? ನೀನು ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತು ಅದನ್ನು ಬೆಳೆಸುವಾಗ, ಅದು ಪಂಚಾಯಿತಿ ಕೆಲಸ ಎಂದು ಜಗಲಿಯಲ್ಲಿ ಓದುತ್ತಾ ಕೂತವನು ನಾನು.

ಮೂರು ಗಂಟೆಯ ಮೂಡಿಗೆರೆ ಬಸ್ಸಿಗೆ ಬಂದ ಹೆಂಗಸರು ಕಾಂಡದ ಗೇಣಗಲ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು. ನೆರಳು ಸರಿದಂತೆ ಅವರೂ ಸರಿಯುತ್ತಿದ್ದರು.

“ಯಾರಪ್ಪ ಕಡಿಸಿದ ಪುಣ್ಯಾತ್ಮ?” ಎಂದು ಒಬ್ಬಳು ಕೇಳಿದಳು.

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಬಸ್ಸು ಹೊರಡುವ ತನಕ ಹೊರಗೆ ಬರಲಿಲ್ಲ.