ಶನಿವಾರದ ಕೋಳಿ ಸಾರು ಉಂಡವರು ಯಾರು?

ಬಂಗಾರಪೇಟೆ, 1959

ದೇವರ ಹೆಸರಿನಲ್ಲಿ ಪ್ರಮಾಣ ಮಾಡಿ ಹೈಕೋರ್ಟಿಗೆ ಬರೆದುಕೊಟ್ಟ ಪೊಲೀಸ್ ಅಧಿಕಾರಿಗಳಾದ ಮಾನ್ಯರೇ,

ನನ್ನ ತಮ್ಮ ಆಂಜಿನಪ್ಪನನ್ನು ನಿಮ್ಮವರು ಜೀಪಿಗೆ ಹತ್ತಿಸಿಕೊಂಡು ಹೋದರು. ಅವನೆಲ್ಲಿ ಎಂದು ಹೈಕೋರ್ಟು ಕೇಳಿತು. ಅಂಥವನನ್ನು ನಾವು ಕಂಡೇ ಇಲ್ಲ ಎಂದು ತಾವು ರುಜು ಹಾಕಿದಿರಿ. ನಮ್ಮ ಅರ್ಜಿ ವಜಾ ಆಯಿತು. ಇದಾದ ಮೇಲೆ ತಮ್ಮ ಕಛೇರಿಗೆ ನಾನು ಬರೆದ ಯಾವ ಕಾಗದಕ್ಕೂ ಉತ್ತರ ಬರಲಿಲ್ಲ. ಗುಟ್ಟಾಗಿ ಕೇಳಿದರೆ ತಮಗೆ ಕಿವಿ ಕೇಳಿಸುವುದಿಲ್ಲವೆಂದು ತೋರುತ್ತದೆ, ಆದ್ದರಿಂದ ಊರೆಲ್ಲ ಕೇಳುವಂತೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ನಾನು ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಎದುರು ಹೋಟೆಲು ಇಟ್ಟುಕೊಂಡಿರುವವನು. ತಮ್ಮ ಇಲಾಖೆಯವರಿಗೆ ನನ್ನ ಹೋಟೆಲಿನ ಇಡ್ಲಿಯ ರುಚಿ ಚೆನ್ನಾಗಿ ಗೊತ್ತು. ನನ್ನ ತಮ್ಮ ಆಂಜಿನಪ್ಪ ಹಳ್ಳಿಯ ಮನೆಯಲ್ಲಿ ಎಮ್ಮೆ ಕಟ್ಟಿಕೊಂಡು, ಬೆಳಗಿನ ರೈಲಿನಲ್ಲಿ ಹಾಲಿನ ಕ್ಯಾನು ಹೊತ್ತು ಊರಿಗಾಂ ಚಿನ್ನದ ಗಣಿಯ ಲೈನುಗಳಿಗೆ ಹೋಗಿ ಗಣಿ ಕೆಲಸದವರ ಮನೆಗಳಿಗೆ ಹಾಲು ಹಾಕುತ್ತಿದ್ದ. ಯಾರೋ ಹಾಲಿನ ಕ್ಯಾನಿನಲ್ಲಿ ಕದ್ದ ಚಿನ್ನದ ಅದಿರು ಸಾಗಿಸುತ್ತಾರೆಂದು ತಮಗೆ ಸುದ್ದಿ ಮುಟ್ಟಿತಂತೆ. ಸಂತೋಷ. ಅವನ ಹಾಲಿನಲ್ಲಿ ನೀರಿತ್ತೆಂದು ಹಿಡಿದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಏಕೆಂದರೆ ಅವನ ಅಣ್ಣನಾದ ನನಗೇ ಆ ಅನುಮಾನವಿತ್ತು. ಚಿನ್ನವಂತೆ. ಹೆಂಡತಿಗೆ ಒಂದು ಮೂಗುಬೊಟ್ಟು ಮಾಡಿಸಲಾರದೆ ವರ್ಷಗಟ್ಟಲೆ ಬೈಸಿಕೊಂಡವನು ಅವನು.

ಹಿಡಿದದ್ದನ್ನು ಕಣ್ಣಾರೆ ಕಂಡವನು ಒಬ್ಬ ಗಣಿ ಕಾರ್ಮಿಕ. ಅವನ ಹೆಸರು ಪೆರುಮಾಳ್ ಎಂದಿಟ್ಟುಕೊಳ್ಳಿ. ಲೈನುಗಳಲ್ಲಿ ಆ ಹೆಸರಿನವರು ಬೇಕಾದಷ್ಟು ಜನರಿದ್ದಾರೆ, ಹುಡುಕುವ ಶ್ರಮ ತಮಗೆ ಬೇಡ. ಅವನೇ ಹೋಟೆಲಿಗೆ ಬಂದು ಹೇಳಿದ: "ಹಾಲೆಲ್ಲ ಮೋರಿಗೆ ಸುರಿದ್ರು ಅಣ್ಣೇ. ಒಳಗೆ ಏನೂ ಇಲ್ಲೆ. ಮಕ್ಳು ಕುಡಿಯೋ ಹಾಲು ಯಾಕ್ ಸಾಮಿ ಸುರೀತೀರಾ ಅಂತ ನಿನ್ ತಮ್ಮ ಕೇಳ್ದ. ಅಷ್ಟಕ್ಕೇ ಕೆನ್ನೆಗೆ ಬಿಟ್ರು. ಅಪ್ಪುರಂ ಜೀಪ್ ಹತ್ತಿಸ್ಕೊಂಡು ಓದ್ರು." ಇದನ್ನೇ ಬರೆದು ರುಜು ಹಾಕು ಎಂದು ಆಮೇಲೆ ನಮ್ಮ ವಕೀಲರು ಕೇಳಿದಾಗ ಅವನು ಕೈಮುಗಿದ. "ಲೈನ್ ಮನೆ ನಂದಲ್ಲ ಅಣ್ಣೇ, ಕೆಲ್ಸನೂ ನಂದಲ್ಲ. ನಾಳೆ ನನ್ನೂ ಜೀಪ್ ಹತ್ತಿಸಿದ್ರೆ ನಂಗ್ಯಾರು ಅರ್ಜಿ ಆಕ್ತಾರೆ?" ನನಗೆ ಅವನ ಮೇಲೆ ಕೋಪ ಬರಲಿಲ್ಲ. ಬರಬೇಕಾದ ಕಡೆಯೇ ಬೇಕಾದಷ್ಟು ಬಂದಿತ್ತು.

ಇನ್ನು ನಮ್ಮ ತಾಯಿ ಮುತ್ಯಾಲಮ್ಮನ ವಿಷಯ. ಮಗ ಠಾಣೆಯಲ್ಲಿದ್ದಾನೆಂದು ತಿಳಿದ ದಿನದಿಂದ ಅವಳು ಮುದ್ದೆ, ಸಾರು ಕ್ಯಾರಿಯರಿಗೆ ತುಂಬಿಕೊಂಡು ರೈಲು ಹತ್ತಿ ಹೋಗತೊಡಗಿದಳು. ಒಳಗೆ ಬಿಡಲಿಲ್ಲ. ಒಬ್ಬ ವಯಸ್ಸಾದ ಪೇದೆ ಬಾಗಿಲಲ್ಲೇ ಕ್ಯಾರಿಯರ್ ಇಸಿದುಕೊಂಡು, ಸ್ವಲ್ಪ ಹೊತ್ತಿಗೆ ಬರಿದು ಮಾಡಿ ತಂದುಕೊಡುತ್ತಿದ್ದ. ಮಗ ಉಂಡನಲ್ಲ ಎಂದು ಇವಳು ಅಷ್ಟರಲ್ಲೇ ಸಮಾಧಾನ ಮಾಡಿಕೊಂಡು ಬರುತ್ತಿದ್ದಳು. ಒಂದು ದಿನ, ಏಟು ತಿಂದ ಮೈ ಎಂದು ನಾಟಿ ಕೋಳಿ ಕುಯ್ಯಿಸಿ ಸಾರು ಮಾಡಿ ಒಯ್ದಳು. ಆ ಸಂಕಟದಲ್ಲಿ ವಾರ ಯಾವುದೆಂಬುದು ಅವಳಿಗೆ ಮರೆತೇ ಹೋಗಿತ್ತು. ನನ್ನ ತಮ್ಮನಿಗೆ ತಿರುಪತಿ ತಿಮ್ಮಪ್ಪನ ಹರಕೆ. ಶನಿವಾರ ಒಪ್ಪೊತ್ತು, ಬಾಡು ಮುಟ್ಟುವವನಲ್ಲ. ಆ ಪೇದೆ ಕ್ಯಾರಿಯರನ್ನು ಹಾಗೆಯೇ ತಂದುಕೊಟ್ಟು, "ಇವತ್ತು ಶನಿವಾರ ಅಂತೆ ಕಣಮ್ಮ, ನಿನ್ ಮಗ ಮುಟ್ಟನಿಲ್ಲ. ಎರಡು ಬಾಳೆಹಣ್ಣು ತಂದ್ಕೊಡು, ತಿಂತಾನೆ" ಅಂದ. ಅವಳು ಅಂಗಡಿಗೆ ಓಡಿ ಹಣ್ಣು ತಂದುಕೊಟ್ಟಳು.

ಮಾನ್ಯರೇ, ತಾವು ಕಂಡೇ ಇಲ್ಲದ ಮನುಷ್ಯನ ಹರಕೆ ತಮ್ಮ ಠಾಣೆಯ ಪೇದೆಗೆ ಹೇಗೆ ಗೊತ್ತಾಯಿತು? ತಿಮ್ಮಪ್ಪ ಅವನ ಕನಸಿನಲ್ಲಿ ಬಂದು ಹೇಳಿದನೆ?

ಮುಂದಿನ ವಾರ ಆ ಪೇದೆ ಕಾಣಲಿಲ್ಲ. ಬೇರೊಬ್ಬನಿದ್ದ. ಮಗನ ಮಾಸಿದ ಬಟ್ಟೆ ಕೊಡಿ, ಒಗೆದು ತರುತ್ತೇನೆ ಎಂದರೆ ಕೊಡಲಿಲ್ಲ. ಮಗ ಏನಾದರೂ ಹೇಳಿದನೇ ಎಂದರೆ ಮಾತಿಲ್ಲ. ಕ್ಯಾರಿಯರ್ ಮಾತ್ರ ಒಳಗೆ ಹೋಗುತ್ತಿತ್ತು, ಬರಿದಾಗಿ ಬರುತ್ತಿತ್ತು. ಶುಕ್ರವಾರ ಸಾಯಂಕಾಲ ತಾಯಿ ನನ್ನನ್ನು ಕರೆದು, "ನಾಳೆಗೆ ಒಂದ್ ಕೋಳಿ ಇಡಿಲಾ" ಅಂದಳು.

"ನಾಳೆ ಶನಿವಾರ ಕಣಮ್ಮ."

"ಗೊತ್ತೈತೆ. ಇಡಿಲಾ."

ಮುದುಕಿಗೆ ಬುದ್ಧಿ ಕೆಟ್ಟಿತೆಂದು ಗೊಣಗುತ್ತ ಹಿಡಿದುಕೊಟ್ಟೆ. ಮಾರನೆಯ ದಿನ ನಾನೂ ಜೊತೆಗೆ ಹೋದೆ. ಕ್ಯಾರಿಯರ್ ಒಳಗೆ ಹೋಯಿತು, ಹೊರಗೆ ಬಂತು. ತಾಯಿ ಠಾಣೆಯ ಜಗುಲಿಯಲ್ಲಿಯೇ ಮುಚ್ಚಳ ತೆಗೆದಳು. ಸಾರಿನ ಒಂದು ತೊಟ್ಟಿಲ್ಲ. ಮೂಳೆಗಳನ್ನೂ ಚೆನ್ನಾಗಿ ಚೀಪಿ ಹಾಕಿದ್ದರು. ಅವಳು ಕೂಗಾಡಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, "ನನ್ ಮಗ ಇಲ್ಲಿಲ್ಲ ಕಣ್ಲಾ. ಅವನು ಎಲ್ಲೂ ಇಲ್ಲ" ಅಂದಳು. ಮಗ ಹೊಟ್ಟೆ ತುಂಬ ಉಂಡನೆಂದು ಹಿಗ್ಗಬೇಕಾದ ತಾಯಿಗೆ ಬರಿದಾದ ಪಾತ್ರೆ ತೋರಿಸಿ ಅಳಿಸಿದಿರಿ. ಇಂಥ ಊಟ ತಮ್ಮವರ ಗಂಟಲಲ್ಲಿ ಹೇಗೆ ಇಳಿಯಿತೋ, ನಾನು ಕಾಣೆ.

ಆಮೇಲೆಯೇ ನಾವು ಬೆಂಗಳೂರಿಗೆ ಹೋದದ್ದು. ಹೇಬಿಯಸ್ ಕಾರ್ಪಸ್ ಎಂಬ ಅರ್ಜಿಯಿದೆ, ಹಿಡಿದಿಟ್ಟುಕೊಂಡ ಮನುಷ್ಯನನ್ನು ತಂದು ನ್ಯಾಯಾಧೀಶರ ಮುಂದೆ ನಿಲ್ಲಿಸಲೇಬೇಕು, ಎಂಥ ದೊಡ್ಡ ಅಧಿಕಾರಿಯೂ ತಪ್ಪಿಸಿಕೊಳ್ಳುವಂತಿಲ್ಲ ಎಂದು ವಕೀಲರು ಬಿಡಿಸಿ ಹೇಳಿದರು. ಇಷ್ಟು ಒಳ್ಳೆಯ ಕಾನೂನು ನಮ್ಮ ದೇಶದಲ್ಲಿದೆಯಲ್ಲ ಎಂದು ನನಗೆ ಮೈ ಜುಮ್ಮೆಂದಿತು. ಅದರ ಬಾಗಿಲನ್ನು ಒಂದೇ ಮಾತಿನಿಂದ ಮುಚ್ಚಬಹುದೆಂದು ಆಗ ತಿಳಿದಿರಲಿಲ್ಲ. "ನಮ್ಮ ಬಳಿ ಇಲ್ಲ" ಎಂದರೆ ಮುಗಿಯಿತು. ಇಟ್ಟುಕೊಂಡವನನ್ನೇ ಕೇಳುವುದು, ಅವನು ಇಲ್ಲವೆಂದರೆ ಕೇಳಿದವರು ಮನೆಗೆ ಹೋಗುವುದು. ಅಪ್ಪಟ ಪ್ರಾಮಾಣಿಕರಿಗಾಗಿ ಮಾಡಿದ ಕಾನೂನು ಇದು. ಅಂಥವರು ಮೊದಲೇ ಯಾರನ್ನೂ ಬಚ್ಚಿಡುವುದಿಲ್ಲವೆಂಬುದೊಂದೇ ಅದರಲ್ಲಿರುವ ತೊಡಕು.

ತಾಯಿಯ ಹೇಳಿಕೆ ಬರೆಸುವಾಗ ವಕೀಲರು, "ಕಂಬಿಯ ಸಂದಿಯಲ್ಲಿ ಮಗನ ಮುಖ ಕಂಡೆ ಅಂತ ಒಂದು ಮಾತು ಸೇರಿಸೋಣವೇನಮ್ಮ? ಕೇಸಿಗೆ ಬಲ ಬರುತ್ತೆ" ಎಂದರು. ಅವಳು, "ನೋಡಿದ್ರೆ ತಾನೆ ಸಾಮಿ ಏಳೋದು? ನೋಡ್ನಿಲ್ಲ. ಊಟ ಕೊಟ್ಟೆ, ಅಷ್ಟೇ ಬರ್ಕಳಿ" ಎಂದು ಹೆಬ್ಬೆಟ್ಟು ಒತ್ತಿದಳು. ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅಕ್ಷರ ಬಾರದ ಮುದುಕಿ ಸತ್ಯ ಹೇಳಿ ಸೋತಳು, ತಾವು ಚೆಂದದ ಇಂಗ್ಲಿಷಿನಲ್ಲಿ ಸುಳ್ಳು ಬರೆದು ಗೆದ್ದಿರಿ. ಆ ಬರಹವನ್ನು ವಕೀಲರು ಓದಿ ಹೇಳಿದ್ದು ನನಗೆ ಬಾಯಿಪಾಠವಾಗಿದೆ. ಸದರಿ ಆಂಜಿನಪ್ಪನನ್ನು ದಸ್ತಗಿರಿ ಮಾಡಿಲ್ಲ, ಠಾಣೆಗೆ ಕರೆತಂದಿಲ್ಲ, ಊಟ ಪಡೆದಿಲ್ಲ, ಹೊಡೆದಿಲ್ಲ. ಸಂಸಾರದ ಜಗಳದಿಂದ ಅವನೇ ಮನೆ ಬಿಟ್ಟು ಹೋಗಿರಬಹುದು. ಸ್ವಾಮಿ, ಹೊಡೆದಿರೆಂದು ನಮ್ಮ ಅರ್ಜಿಯಲ್ಲಿ ಬರೆದವರು ಯಾರು? ಪೆರುಮಾಳ್ ರುಜು ಹಾಕದ ಕಾರಣ ಅಲ್ಲಿ ಏಟಿನ ಮಾತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ತಮ್ಮ ತರಬೇತಿ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ಆದರೂ ತಾವು ಬೇಸರ ಪಡಬೇಡಿ. ತಮ್ಮ ಮಾತನ್ನು ಮನಸಾರೆ ನಂಬಿದವಳು ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ, ಆಂಜಿನಪ್ಪನ ಹೆಂಡತಿ ನರಸಮ್ಮ. "ಪೋಲೀಸ್ನೋರು ಇಡ್ಕಂಡೇ ಇಲ್ಲ ಅಂತ ಕೋರ್ಟ್ನಾಗೆ ಏಳವ್ರೆ ಭಾವ. ಅಂಗಾದ್ರೆ ಎಲ್ಲೋ ಬದುಕವ್ರೆ. ನನ್ ಮ್ಯಾಲೆ ಸಿಟ್ಟು, ಇಳಿದ್ ಮ್ಯಾಕೆ ಬತ್ತಾರೆ" ಎನ್ನುತ್ತಾಳೆ. ಮೂಗುಬೊಟ್ಟಿಗಾಗಿ ಆಡಿದ ಜಗಳವೆಲ್ಲ ಅವಳಿಗೆ ಈಗ ನೆನಪಾಗುತ್ತದೆ. ಹಣೆತುಂಬ ಕುಂಕುಮ ಇಟ್ಟುಕೊಂಡು ಸಾಯಂಕಾಲದ ರೈಲಿಗೆ ಪ್ಲಾಟ್‌ಫಾರಂಗೆ ಹೋಗಿ ನಿಲ್ಲುತ್ತಾಳೆ. ನಮ್ಮ ತಾಯಿ ಎರಡನೆಯ ಶನಿವಾರದ ಸಂಗತಿಯನ್ನು ಅವಳಿಗೆ ಇಂದಿಗೂ ಹೇಳಿಲ್ಲ, ನನಗೂ ಹೇಳಗೊಟ್ಟಿಲ್ಲ. ಅಳು ಬಂದಾಗ ತಾಯಿ ಎಮ್ಮೆ ಕೊಟ್ಟಿಗೆಯ ಹಿಂದಕ್ಕೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬರುತ್ತಾಳೆ. ಮೊನ್ನೆ ಹಿರಿಯರ ಹಬ್ಬ ಬಂತು. ಸತ್ತವರಿಗೆಲ್ಲ ಎಡೆ ಇಟ್ಟೆವು. "ಆಂಜಿಗೂ ಒಂದ್ ಎಡೆ ಇಕ್ಬೇಕು ಕಣ್ಲಾ. ಸೊಸೆ ಕುಂಕುಮ ಇಟ್ಕಂಡು ಎದುರಿಗೇ ಓಡಾಡ್ತಿದ್ರೆ ಎಂಗ್ ಇಕ್ಲಿ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಅದರ ಉತ್ತರ ತಮ್ಮ ಬಳಿ ಇದೆ. ಬಹುಮಾನ ಬೇಡ, ಪರಿಹಾರ ಬೇಡ, ಯಾರನ್ನೂ ಕೆಲಸದಿಂದ ತೆಗೆಯುವ ನಾಟಕವೂ ಬೇಡ. ಆಂಜಿನಪ್ಪ ಬದುಕಿದ್ದರೆ ಯಾವ ಕೇಸನ್ನಾದರೂ ಹಾಕಿ, ಯಾವ ಜೈಲಿನಲ್ಲಾದರೂ ತೋರಿಸಿ. ಬದುಕಿಲ್ಲವಾದರೆ ಯಾವ ಮಣ್ಣಿನಲ್ಲಿ ಇಟ್ಟಿರೆಂದು ಹೇಳಿ. ಒಂದೇ ಒಲೆಯ ಮುಂದೆ ಕೂತ ಇಬ್ಬರು ಹೆಂಗಸರಲ್ಲಿ ಒಬ್ಬಳು ಅಳುವಂತಿಲ್ಲ, ಇನ್ನೊಬ್ಬಳು ಕಾಯುವುದನ್ನು ಬಿಡುವಂತಿಲ್ಲ. ಇವರಲ್ಲಿ ಯಾರು ಸರಿಯೆಂಬುದು ತಮಗೆ ಗೊತ್ತು.

ನರಸಮ್ಮನಿಗೆ ಓದಲು ಬಾರದು. ಈ ಪತ್ರ ಅಚ್ಚಾದ ದಿನ ಅವಳ ಎದುರು ಯಾರೂ ಗಟ್ಟಿಯಾಗಿ ಓದಬಾರದೆಂದು ಹೋಟೆಲಿಗೆ ಬರುವವರಿಗೆಲ್ಲ ಕೈಮುಗಿದು ಹೇಳಿದ್ದೇನೆ. ತಮ್ಮ ಉತ್ತರ ಬಂದರೆ, ಅದು ಎಂಥದೇ ಆಗಿರಲಿ, ನಾನೇ ಅವಳನ್ನು ಕೂರಿಸಿಕೊಂಡು ಓದಿ ಹೇಳುತ್ತೇನೆ.

ಇಂತಿ,
ತಮ್ಮ ವಿಧೇಯನೆಂದು ಬರೆಯಲು ಇನ್ನು ಕೈ ಬಾರದ,
ಕೋದಂಡಪ್ಪ
(ತಾವು ಎಂದೂ ಹಿಡಿಯದವನ ಅಣ್ಣ)