ನಾಲ್ಕು ಬೆರಳು ಮೇಲೆ

ನವೆಂಬರ್ 11, ಮಂಗಳವಾರ

ಬಾನೆಟ್ ಮೂರನೇ ಸಲ ವಾಪಸ್ ಬಂತು. ವರ್ಷಾ ಬರೆದಿದ್ದಾಳೆ — "ಸ್ಮಿತಾ, ಇದು ತಗಡಲ್ಲ, ರಟ್ಟು." ಟೀಮ್ ಲೀಡ್ ಅಂತೆ. ಪುಣೆಯಲ್ಲಿ ಕೂತು ಹಾಸನದಲ್ಲಿರುವ ನನ್ನ ತಲೆ ಮೊಟಕುತ್ತಾಳೆ. ರಟ್ಟಂತೆ ರಟ್ಟು! ಬೆಳಗ್ಗೆಯಿಂದ ಮೂರು ಕಾಫಿ, ಒಂದನ್ನೂ ಪೂರ್ತಿ ಕುಡಿದಿಲ್ಲ. ಕೂತರೆ ಏಳಬೇಕು, ಎದ್ದರೆ ಕೂರಬೇಕು.

ಎರಡು ವರ್ಷದಿಂದ ಇದೇ ಕೆಲಸ. ರೇಸಿಂಗ್ ಗೇಮಿನಲ್ಲಿ ಕಾರು ಗುದ್ದಿದರೆ ಹೇಗೆ ನಜ್ಜುಗುಜ್ಜಾಗಬೇಕು ಅಂತ ಮನೆಯಿಂದಲೇ ಕಂಪ್ಯೂಟರಿನಲ್ಲಿ ಮಾಡಿಕೊಡುವುದು. ಅಮ್ಮ ನೆಂಟರ ಹತ್ತಿರ "ಡಿಸೈನಿಂಗು" ಅಂತಷ್ಟೇ ಹೇಳುತ್ತಾಳೆ. ಕಾರು ಜಜ್ಜುವ ಹುಡುಗಿ ಅಂದರೆ ಯಾರು ಮದುವೆಯಾಗುತ್ತಾರೆ ಅಂತ ಅವಳ ಸಂಕಟ. ಕಾರು ಕಂಪನಿಗಳ ಷರತ್ತು ಬೇರೆ. ಮುಂದೆ ಹಿಂದೆ ಎಷ್ಟು ಬೇಕಾದರೂ ಮುದುರಲಿ, ಜನ ಕೂರುವ ಜಾಗ ಮುದುರಬಾರದು. ರಕ್ತ ಬರಬಾರದು. ಸ್ಟೇರಿಂಗ್ ಹಿಡಿದ ಗೊಂಬೆ ನೆಟ್ಟಗೇ ಕೂತಿರಬೇಕು. ಇಷ್ಟೆಲ್ಲ ಹೇಳಿದ ಮೇಲೆ "ರಿಯಲ್ ಆಗಿರಲಿ" ಅಂತ ಒಂದು ಸಾಲು!

ಟೆಂಪೋ ಮಾತ್ರ ಒಂದೇ ಏಟಿಗೆ ಪಾಸಾಯಿತು. ಗೇಮಿನ ರಸ್ತೆ ಬದಿಯಲ್ಲಿ ಮಗುಚಿ ಬಿದ್ದಿರುವ ಟೆಂಪೋ. "ಸೂಪರ್ ಕಣೇ, ಯಾವ ಫೋಟೋ ನೋಡಿ ಮಾಡಿದೆ?" ಅಂದಳು ವರ್ಷಾ. ಫೋಟೋ ಇಲ್ಲ, ಎಲ್ಲೋ ದಾರಿಯಲ್ಲಿ ನೋಡಿದ್ದು ಅಂದೆ. ನಾನು ಹಾಗೇ. ಜಖಂ ಆದ ಗಾಡಿ ಕಂಡರೆ ಕಣ್ಣು ಅಲ್ಲೇ ಅಂಟಿಕೊಳ್ಳುತ್ತೆ.

ನವೆಂಬರ್ 14, ಶುಕ್ರವಾರ. ಸಂಜೆ 6

ಸಾಲಗಾಮೆ ರಸ್ತೆಯ ದೇವರಾಜನ ಶೆಡ್ಡಿಗೆ ಹೋಗಿದ್ದೆ. ಟಿಂಕರ್ ಕೆಲಸದವನು, ಡೆಂಟ್ ತೆಗೆಯುವುದರಲ್ಲಿ ಎತ್ತಿದ ಕೈ. ಆಗಸ್ಟಿನಲ್ಲಿ ನನ್ನ ಕಾರು ರಿಪೇರಿ ಮಾಡಿದ್ದೂ ಅವನೇ. ನಿಜವಾದ ತಗಡು ಹೇಗೆ ಮಡಚುತ್ತೆ ಮುಟ್ಟಿ ನೋಡೋಣ ಅಂತ ಹೋದರೆ — ಗುಜರಿ ರಾಶಿಯ ಮೇಲೆ ನನ್ನದೇ ಹಳೇ ಬಂಪರ್! ಎಡಗಡೆ ಆ ತೂತು. ಮಂಚಯ್ಯನವರ ಎಕ್ಸೆಲ್ ಮೊಪೆಡ್ಡಿನ ಕ್ಯಾರಿಯರ್ ಕಬ್ಬಿಣ ಚುಚ್ಚಿದ್ದು.

ಇಷ್ಟು ದಿನ ಆ ವಿಷಯ ಇಲ್ಲಿ ಬರೆದಿಲ್ಲ. ಬರೆದು ಮುಗಿಸಿಬಿಡುತ್ತೇನೆ. ಹಳೇಕೋಟೆ ಹತ್ತಿರ. ನನ್ನ ಮುಂದೆ ಹೋಗುತ್ತಿದ್ದ ಮಂಚಯ್ಯ ಕೈ ತೋರಿಸದೆ ಬಲಕ್ಕೆ, ಹೊಲದ ದಾರಿಗೆ ತಿರುಗಿಸಿದರು. ಹಿಂದೆ ಹೆಂಡತಿ ಮರಿಯಮ್ಮ. ನಾನು ಬ್ರೇಕ್ ಒತ್ತಿದೆ, ಆದರೂ ತಗಲಿತು. ಮಂಚಯ್ಯನವರಿಗೆ ತರಚು ಗಾಯ. ಮರಿಯಮ್ಮನವರ ಸೊಂಟದ ಮೂಳೆ ಮುರಿಯಿತು, ಇನ್ನೂ ಎದ್ದು ಓಡಾಡುವ ಹಾಗಿಲ್ಲ. ಆಸ್ಪತ್ರೆಯದ್ದೆಲ್ಲ ಅಪ್ಪ ನೋಡಿಕೊಂಡರು. ತಪ್ಪು ತಮ್ಮದೇ ಅಂತ ಮಂಚಯ್ಯ ಸ್ಟೇಷನ್ನಿನಲ್ಲಿ ಬರೆದುಕೊಟ್ಟರು. ಅಷ್ಟೇ.

ದೇವರಾಜ ಬಂಪರನ್ನು ಗೋಡೆಗೆ ಆನಿಸಿ ಒಂದು ಸಲ ನೋಡಿದ. "ಬ್ರೇಕ್ ಒಡ್ದಿಲ್ಲ ಬುಡಿ ನೀವು," ಅಂದ. ಬೀಡಿ ಇದೆಯಾ ಅಂತ ಕೇಳಿದಷ್ಟು ಸಲೀಸಾಗಿ.

"ಏನಂದೆ?"

"ಬ್ರೇಕ್ ಒಡುದ್ರೆ ಗಾಡಿ ಮೂತಿ ತಗ್ತದೆ ಕಣಕ್ಕ. ಮೂತಿ ತಗ್ಗುದ್ರೆ ಎದ್ರುಗಿರೋ ಕಬ್ಣ ಬಂಪರ್‌ಗೆ ನಾಕು ಬೆರಳು ಮ್ಯಾಲೆ ತಗುಲ್ಬೇಕು. ಇದು ಸಮಕ್ಕೆ ತಗುಲೈತೆ."

"ನೀನು ಅಲ್ಲಿದ್ಯೇನೋ? ಬ್ರೇಕ್ ಮೇಲಿದ್ದಿದ್ದು ನನ್ನ ಕಾಲು!"

"ಅಯ್ಯೋ ಓಗ್ಲಿ ಬುಡಿ ಅಕ್ಕ. ಬಾಯಿ ತಪ್ಪಿ ಅಂದೆ."

ಶೆಡ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಬೈದೆ. ಬಂಪರನ್ನು ಕಾರಿನ ಹಿಂದಿನ ಸೀಟಿಗೆ ತುರುಕಿಕೊಂಡು ಬಂದೆ. ಗಾಡಿ ಹೇಗೆ ಗುದ್ದುತ್ತೆ ಅಂತ ನನಗೇ ಪಾಠ ಹೇಳ್ತಾನೆ! ತೋರಿಸ್ತೀನಿ ಅವನಿಗೆ.

ನವೆಂಬರ್ 15, ಶನಿವಾರ. ಬೆಳಗ್ಗೆ 11

ಆಫೀಸಿನ ಕೆಲಸ ಪಕ್ಕಕ್ಕಿಟ್ಟೆ. ನನ್ನ ಕಾರನ್ನೇ ಸಾಫ್ಟ್‌ವೇರಿನಲ್ಲಿ ನಿಲ್ಲಿಸಿದ್ದೇನೆ. ತೂಕ, ಸ್ಪ್ರಿಂಗು, ಟೈರು, ಎಲ್ಲ ಅದರದ್ದೇ ಅಳತೆ. ಎಕ್ಸೆಲ್ ಅಳತೆಗೆ ಹಿಂದಿನ ಬೀದಿಯ ಹಾಲಿನ ರುದ್ರಯ್ಯನವರನ್ನು ಹಿಡಿದೆ. ಅವರನ್ನೂ ಅವರ ಹೆಂಡತಿಯನ್ನೂ ಗಾಡಿ ಮೇಲೆ ಕೂರಿಸಿ, ಕ್ಯಾರಿಯರ್ ನೆಲದಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದೆ. "ಏನವ್ವ, ಗಾಡಿಗೆ ಅಂಗಿ ಒಲುಸ್ತೀಯಾ?" ಅಂದರು. ಅವರ ಹೆಂಡತಿ ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ 3

ಬ್ರೇಕ್ ಒತ್ತಿಸಿ ಗುದ್ದಿಸಿದೆ. ತೂತು ನಾಲ್ಕು ಬೆರಳು ಮೇಲೆ ಬಿತ್ತು. ಸ್ಪೀಡ್ ಇಳಿಸಿದೆ — ಮೇಲೆಯೇ. ರಸ್ತೆ ಒದ್ದೆ ಮಾಡಿದೆ. ಟೈರ್ ಸವೆಸಿದೆ. ಬ್ರೇಕ್ ಅರ್ಧ ಮಾತ್ರ ಒತ್ತಿಸಿದೆ — ಎರಡು ಬೆರಳು ಮೇಲೆ. ಹಿಂದಿನ ಸೀಟಿನಲ್ಲಿ ಅಕ್ಕಿ ಮೂಟೆ ಇತ್ತು ಅಂತ ಇಲ್ಲದ ಮೂಟೆ ಇಟ್ಟೆ. ಏನು ಮಾಡಿದರೂ ಕೆಳಗೆ ಇಳಿಯುತ್ತಿಲ್ಲ. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ಬಾಗಿಲಲ್ಲಿ ನಿಂತಳು. "ಇದೇನೇ, ಒಂದೇ ಕಾರ್ನ ಬೆಳಗ್ನಿಂದ ಗುದ್ದುಸ್ತಿದ್ದೀಯ?"

ಸಂಜೆ 5

ಬ್ರೇಕ್ ಇಲ್ಲದೆ, ಒಂದೇ ಒಂದು ಸಲ. ಬಂಪರ್ ಪಕ್ಕಕ್ಕಿಟ್ಟುಕೊಂಡು ನೋಡಿದೆ. ಅದೇ ಜಾಗ. ಅದೇ ಓರೆ. ಅಂಚಿನ ಸೀಳು ಕೂಡ ಅದೇ ಕಡೆಗೆ.

ಕಂಪ್ಯೂಟರ್ ಆರಿಸಿದೆ.

ನವೆಂಬರ್ 17, ಸೋಮವಾರ

ಬ್ರೇಕ್ ಒತ್ತಿದ್ದು ಸುಳ್ಳಲ್ಲ. ಒತ್ತಿದ್ದೆ. ಶಬ್ದ ಆದ ಮೇಲೆ ಒತ್ತಿದ್ದೆ.

ಶಬ್ದಕ್ಕೆ ಮುಂಚೆ ಏನು ನೋಡುತ್ತಿದ್ದೆ... ಎರಡು ದಿನದಿಂದ ಇದೊಂದೇ ಪ್ರಶ್ನೆ. ಬಟ್ಟೆ ಒಣಹಾಕುವಾಗ ಥಟ್ಟನೆ ಹೊಳೆಯಿತು. ಟೆಂಪೋ. ಹಳೇಕೋಟೆ ಹತ್ತಿರ ಎಡಗಡೆ ಚರಂಡಿಯಲ್ಲಿ ಮಗುಚಿತ್ತು. ಬಾಗಿಲಲ್ಲಿ ಮೂರು ಮಡಿಕೆ, ಮೂರನೆಯದು ಹರಿದು ಒಳಗಿನ ತುಕ್ಕು ಕಾಣುತ್ತಿತ್ತು. ಕನ್ನಡಿ ಒಂದೇ ತಿರುಪಿನಲ್ಲಿ ನೇತಾಡುತ್ತಿತ್ತು. ಇಷ್ಟೆಲ್ಲ ನೋಡೋದಕ್ಕೆ ಎಷ್ಟು ಹೊತ್ತು ಬೇಕು! ನೋಡುತ್ತಲೇ ಹೋಗಿದ್ದೇನೆ. ಅದನ್ನೇ ಮಾಡಿ ಕಳಿಸಿ ಶಹಭಾಸ್ ಕೂಡ ಅನ್ನಿಸಿಕೊಂಡೆ.

ಮಂಚಯ್ಯನವರ ಗಾಡಿ ಯಾವ ಬಣ್ಣ? ಗೊತ್ತಿಲ್ಲ. ಕೈ ತೋರಿಸಿದರೋ ಇಲ್ಲವೋ? ಗೊತ್ತಿಲ್ಲ. ನಾನು ನೋಡಿಯೇ ಇಲ್ಲ. ಆದರೂ ರಸ್ತೆಯಲ್ಲಿ ಜನ ಸೇರಿದಾಗ "ಕೈ ತೋರಿಸದೆ ತಿರುಗಿಸಿಬಿಟ್ರು" ಅಂತ ಮೊದಲು ಕೂಗಿದವಳು ನಾನೇ. ಆಮೇಲೆ ಎಲ್ಲರೂ ಅದನ್ನೇ ಅಂದರು.

ಥೂ, ನನ್ನ ಬಾಯಿಗಿಷ್ಟು.

ಡಿಸೆಂಬರ್ 9, ಮಂಗಳವಾರ

ಇಪ್ಪತ್ತು ದಿನದ ಮೇಲಾಯಿತು ಈ ಡೈರಿ ತೆಗೆದು. ಬಾನೆಟ್ ಪಾಸಾಯಿತು. ಹೋಗಿ ಹೇಳಬೇಕು ಅಂತ ದಿನಾ ಅಂದುಕೊಳ್ಳುವುದು, ದಿನಾ ಏನಾದರೊಂದು ನೆಪ. ಇವತ್ತು ಅವರೇ ಬಂದರು.

ಮಂಚಯ್ಯ. ಬಸ್ಸಿನಲ್ಲಿ ಬಂದು, ಒಂದು ಚೀಲ ಅವರೆಕಾಯಿ ತಂದು ಜಗಲಿ ಮೇಲಿಟ್ಟು, ಕೆಳಗೆ ಕೂತರು. ಮೇಲೆ ಕೂತ್ಕೊಳ್ಳಿ ಅಂದರೆ ಕೇಳಲಿಲ್ಲ. "ಕಾಯಿ ಸ್ವನೆ ಚೆಂದಾಗೈತೆ ಕಣವ್ವ, ಗಮ್ ಅಂತದೆ, ನಿಮ್ಮಪ್ಪಾರ್‌ಗೆ ಅಂತ ತಂದೆ. ದ್ಯಾವ್ರಂಗೆ ನೋಡ್ಕಂಡ್ರು ನಮ್ಮುನ್ನ."

ಮರಿಯಮ್ಮ ಹೇಗಿದ್ದಾರೆ ಅಂತ ಕೇಳಿದೆ. ಕೇಳಬಾರದಿತ್ತು.

"ಅಂಗೇ ಅವ್ಳೆ. ಗ್ವಾಡೆ ಕಡೀಕೆ ತಿರುಕ್ಕಂಡು ಮನಗಿರ್ತಾಳೆ. ಅನ್ನ ತಿನ್ಸಾಕ್ ಓದ್ರೆ ಮಗನ್ ಕರಿ ಅಂತಾಳೆ. ನನ್ ತಾವ ಮಾತೇ ಇಲ್ಲ. ಗಾಡಿ ಕೀನೂ ಮಗ ಇಸ್ಕಂಬುಟ್ಟ." ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಾನು ಕೈ ತೋರ್ಸಿದ್ದೆ ಅನ್ಕಂಡಿದ್ದೆ ಕಣವ್ವ. ನೀವು ಓದ್ದೋರು, ಹಿಂದಿಂದ ಕಣ್ಣಾರೆ ಕಂಡೋರು, ಇಲ್ಲ ಅಂದ್ರಿ. ಅಂಗಾರೆ ತೋರ್ಸಿಲ್ಲ. ವಯಸ್ಸಾಯ್ತು ನೋಡಿ, ಗ್ಯಾನ ನಿಲ್ಲಾಕಿಲ್ಲ."

ಈಗ ಹೇಳು, ಈಗ ಹೇಳು ಅಂತ ಒಳಗೆ ಹೊಡೆದುಕೊಳ್ಳುತ್ತಿತ್ತು. ಬಾಯಿಗೆ ಬಂದದ್ದು — "ಕಾಫಿ ಕುಡೀರಿ." ಅಷ್ಟೇ. ಕಾಫಿ ಕುಡಿದು ನನಗೇ ಕೈ ಮುಗಿದು ಹೋದರು.

ಡಿಸೆಂಬರ್ 10, ಬುಧವಾರ

ಅಪ್ಪನಿಗೆ ಹೇಳಿದೆ. ಬಂಪರ್ ಮುಂದಿಟ್ಟು, ಟೆಂಪೋ ವಿಷಯವೂ ಬಿಡದೆ.

ಅಪ್ಪ ಕೊನೆಯವರೆಗೂ ಕೇಳಿದರು. ಆಮೇಲೆ, "ಮುಗ್ದೋಗಿರೋ ವಿಷ್ಯನ ಯಾಕಮ್ಮ ಕೆದುಕ್ತೀಯ? ಕೇಸು ಮತ್ತೆ ಓಪನ್ ಆಯ್ತದೆ. ನಂಜಪ್ಪನ್ ಮಗ್ಳು ಸುಳ್ಳು ಏಳುದ್ಲು ಅಂತ ತಾಲ್ಲೂಕೆಲ್ಲ ಆಡ್ಕತಾರೆ. ಆ ಮನೆಗೆ ನಾನೇನಾರ ಕಮ್ಮಿ ಮಾಡಿದ್ದೀನಾ?"

"ಅವ್ರು ಕೈ ತೋರ್ಸಿದ್ರಂತಪ್ಪ."

"ನೀನ್ ನೋಡುದ್ಯಾ?"

"ಇಲ್ಲಪ್ಪ. ನೋಡ್ಲಿಲ್ಲ ಅಂತ್ಲೇ ಹೇಳ್ತಿರೋದು!"

ಅಪ್ಪ ಪೇಪರ್ ಎತ್ತಿಕೊಂಡರು. ನಾನು ಎದ್ದು ಬಂದೆ.

ಡಿಸೆಂಬರ್ 12, ಶುಕ್ರವಾರ

ಬಂಪರ್ ಇಲ್ಲ. ಗುಜರಿಯವನು ಬಂದಿದ್ದನಂತೆ, ಅಪ್ಪ ಕೊಟ್ಟುಬಿಟ್ಟರಂತೆ. ಅಮ್ಮ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಕೇಳಿದ ತಕ್ಷಣ ಎದೆ ಹಗುರಾಯಿತು. ಇದನ್ನೂ ಬರೆಯಬೇಕು. ಅಬ್ಬ, ಇನ್ನು ಯಾರಿಗೂ ತೋರಿಸೋಕಾಗಲ್ಲ ಅನ್ನಿಸಿತು. ಆಮೇಲೆ ನನ್ನ ಮೇಲೇ ಅಸಹ್ಯವಾಗಿ ಮಧ್ಯಾಹ್ನದ ಊಟ ಸೇರಲಿಲ್ಲ.

ಡಿಸೆಂಬರ್ 21, ಭಾನುವಾರ. ಮಧ್ಯಾಹ್ನ 1:30

ಹಳೇಕೋಟೆ. ಬಸ್‌ಸ್ಟಾಪಿನ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಬರೆಯುತ್ತಿದ್ದೇನೆ. ಕಾರು ತರಲಿಲ್ಲ. ಮನೆಯಲ್ಲಿ ಹೇಳಿಯೂ ಬರಲಿಲ್ಲ.

ಮಂಚಯ್ಯ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಕೊಡವಿದರು. ನೀರು ತರೋಕೆ ಹೊರಟವರನ್ನು ತಡೆದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಅವತ್ತು ನಾನು ನಿಮ್ಮನ್ನ ನೋಡೇ ಇಲ್ಲ. ಪಕ್ಕದಲ್ಲಿ ಟೆಂಪೋ ಬಿದ್ದಿತ್ತಲ್ಲ, ಅದನ್ನ ನೋಡ್ತಿದ್ದೆ. ಬ್ರೇಕೇ ಒತ್ತಲಿಲ್ಲ. ನೀವು ಕೈ ತೋರಿಸಲಿಲ್ಲ ಅಂದದ್ದು ಸುಳ್ಳು. ತಪ್ಪು ಪೂರ್ತಿ ನಂದೇ. ನಾಳೆ ಸ್ಟೇಷನ್ನಿಗೆ ಹೋಗಿ ಹೀಗೇ ಬರೆದುಕೊಡ್ತೀನಿ." ಒಂದೇ ಉಸಿರಿಗೆ.

ಅವರು ಮೊರ ಕೆಳಗಿಟ್ಟರು. ಹೊಡೆದರೂ ಹೊಡೆಯಲಿ ಅಂತ ಕೂತಿದ್ದೆ.

"ಅಂಗಾರೆ... ನಾನು ತೋರ್ಸಿದ್ನಾ ಕೈಯ?"

"ತೋರಿಸಿದ್ದೆ ಅಂತ ನಿಮಗೆ ನೆನಪಿದ್ಯಲ್ಲ. ಅದೇ ನಿಜ."

ಎದ್ದರು. ಕಾಲು ತಗಲಿ ಹುರುಳಿ ಚೆಲ್ಲಿತು, ನೋಡಲಿಲ್ಲ. ಹೊಸಿಲು ಎಡವಿಕೊಂಡೇ ಒಳಗೆ ಓಡಿದರು. "ಲೇ ಮರೀ! ನಾನಲ್ವಂತೆ ಕಣೇ! ಕೈ ತೋರ್ಸಿದ್ನಂತೆ ಕಣೇ ನಾನು! ಈ ಕಡೀಕ್ ತಿರುಗೇ, ಇಲ್ ನೋಡೇ ಒಸಿ!" ಅರವತ್ತು ದಾಟಿದ ಮನುಷ್ಯ, ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದರು.

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಮರಿಯಮ್ಮನವರ ದನಿ, ಮೆಲ್ಲಗೆ — "ಅಳ್ಬ್ಯಾಡ ಸುಮ್ಕಿರು. ಬಾ ಇಲ್ಲಿ."

ನಾನು ಚಾಪೆ ಮೇಲೇ ಕೂತಿದ್ದೆ. ಯಾರೂ ಹೊರಗೆ ಬರಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು... ಬಸ್ ಬಂತು, ಉಳಿದದ್ದು ನಾಳೆ ಸ್ಟೇಷನ್ನಿನಿಂದ ಬಂದ ಮೇಲೆ.